ಬೆಳೆ ಹಬ್ಬ, ಬಸಳೆ ಮತ್ತು ದೊಡ್ಡಮ್ಮ

27 ಅಕ್ಟೋಬರ್ 2024, ಭಾನುವಾರ ರಾತ್ರಿ

ದೊಡ್ಡಮ್ಮ ಇವತ್ತು ಚರ್ಚಿನ ಆರಾಧನೆಗೆ ಬರುವುದೇ ಇಲ್ಲ ಎಂದು ಕೂತುಬಿಟ್ಟಿದ್ದರು. ಮಂಡಿ ನೋವು ಜಾಸ್ತಿಯಾಗಿರಬೇಕು ಅಂದುಕೊಂಡೆ. ಅದಲ್ಲವಂತೆ. ಬೆಳೆ ಹಬ್ಬದ ದಿನ ಎಲ್ಲರೂ ಬೆಳೆದದ್ದನ್ನು ಚರ್ಚಿಗೆ ಕಾಣಿಕೆ ತರುತ್ತಾರೆ, ಆಮೇಲೆ ಅದನ್ನೆಲ್ಲ ಏಲಂ, ಅಂದರೆ ಹರಾಜು, ಹಾಕುತ್ತಾರೆ.

"ಇವತ್ತು ಬೆಳೆ ಹಬ್ಬ ಅಲ್ವಾ ಮಾರಾಯ್ತಿ. ಬರಿಗೈಲಿ ಹೋಗಿ ಕೂತ್ಕೊಳ್ಳಿಕ್ಕೆ ಆಗ್ತದಾ? ಬಾಳೆಗೊನೆ ಎಲ್ಲ ಮಂಗ ತಿಂದು ಹಾಕಿತು. ಏಲಂನಲ್ಲಿ ಕೂಗ್ಲಿಕ್ಕೆ ನನ್ನತ್ರ ದುಡ್ಡುಂಟಾ? ಎಲ್ಲರೂ ನೋಡ್ತಾರೆ."

ಎಲ್ಲರೂ ನೋಡ್ತಾರೆ. ಬೆಳಿಗ್ಗೆಯಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸು ಇವರು. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಹೋಗಿ ಪ್ರಾರ್ಥನೆ ಮಾಡಿ ಬರುವವರು. ಇವರಿಗೇ ದೇವರ ಮನೆಗೆ ಬರಲು ಜನರ ಭಯ ಅಂದರೆ ನಾವೆಲ್ಲ ಸೇರಿ ಅಲ್ಲಿ ಏನು ಮಾಡಿಟ್ಟಿದ್ದೇವೆ?

ಕೊನೆಗೆ ಹಿತ್ತಲಿನ ಚಪ್ಪರದಿಂದ ಬಸಳೆ ಕೊಯ್ದೆವು. ಒಳ್ಳೆ ದಪ್ಪ ಕೆಂಪು ದಂಟು. ದೊಡ್ಡಮ್ಮ ಹಳದಿಯಾದ ಎಲೆಗಳನ್ನೆಲ್ಲ ಕಿತ್ತು ಹಾಕಿ, ಬಾಳೆ ನಾರು ನೆನೆಸಿ, ಕಟ್ಟಿ, ಸರಿಯಾಗಲಿಲ್ಲ ಎಂದು ಬಿಚ್ಚಿ ಮತ್ತೆ ಕಟ್ಟಿದರು. ಚರ್ಚಿನ ಮೆಟ್ಟಿಲು ಹತ್ತುವಾಗ ನನ್ನ ಕೈಗೆ ಕೊಟ್ಟು, "ಆ ಸಿಹಿಗುಂಬಳದ ಹಿಂದೆ ಇಟ್ಟುಬಿಡು ಮಗಾ" ಎಂದರು.

ಏಲಂನಲ್ಲಿ ಆ ಸಿಹಿಗುಂಬಳ ಸಾವಿರಗಟ್ಟಲೆಗೆ ಹೋಯಿತು. ಇಬ್ಬರು ಪೈಪೋಟಿ ಮೇಲೆ ಕೂಗಿದರು, ಮೈಕಿನಲ್ಲಿ ಹೆಸರು ಹೇಳಿದರು, ಚಪ್ಪಾಳೆ ಬಿತ್ತು. ಆ ದುಡ್ಡು ಒಳ್ಳೆ ಕೆಲಸಕ್ಕೇ ಹೋಗುತ್ತದೆ, ಕೂಗಿದವರ ಮೇಲೆ ನನಗೆ ಏನೂ ಸಿಟ್ಟಿಲ್ಲ, ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಗೆ ಹೇಳಲಿ. ಬಸಳೆ ನಲ್ವತ್ತು ರೂಪಾಯಿಗೆ ಹೋಯಿತು. "ನಲ್ವತ್ತಾದರೂ ಬಂತಲ್ಲ" ಎಂದರು ದೊಡ್ಡಮ್ಮ. ರಿಕ್ಷಾದಲ್ಲಿ ಮಾತೇ ಆಡಲಿಲ್ಲ.

ಸಂಜೆ ಕರೆಂಟ್ ಬೇರೆ ಹೋಯಿತು. ಮಗನಿಗೆ ನಾಳೆ ಗಣಿತದ ಟೆಸ್ಟ್, ಎಮರ್ಜೆನ್ಸಿ ಲ್ಯಾಂಪ್ ಅವನ ಹತ್ತಿರ. ಮೊಬೈಲಿನಲ್ಲೇ ಬೈಬಲಿನ ಮಾರ್ಕನ ಸುವಾರ್ತೆ 12ನೇ ಅಧ್ಯಾಯ ತೆಗೆದೆ. ತನ್ನ ಹತ್ತಿರ ಇದ್ದ ಎರಡೇ ಕಾಸನ್ನು ದೇವಾಲಯದ ಕಾಣಿಕೆಗೆ ಹಾಕಿದ ಬಡ ವಿಧವೆಯ ಕಥೆ. ಸಂಡೇ ಸ್ಕೂಲಿನಿಂದ ಕೇಳಿದ್ದೇ, ಆದರೆ ಇವತ್ತು ಬೇರೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದಾನೆ. ಅವಳು ಎಲ್ಲರಿಗಿಂತ ಹೆಚ್ಚು ಹಾಕಿದಳು ಎನ್ನುತ್ತಾನೆ. ಆದರೆ ಯಾರಿಗೆ ಹೇಳಿದ್ದು? ಶಿಷ್ಯರನ್ನು ಹತ್ತಿರ ಕರೆದು ಹೇಳಿದ್ದು. ಅವಳನ್ನು ಕರೆದ ಅಂತ ಎಲ್ಲೂ ಬರೆದಿಲ್ಲ. ಅವಳ ಪಾಡಿಗೆ ಅವಳು ಕಾಸು ಹಾಕಿ ಮನೆಗೆ ಹೋಗಿರಬೇಕು. ದೇವರು ಮೆಚ್ಚಿದ್ದು ಅವಳ ಕಿವಿಗೆ ಬೀಳಲೇ ಇಲ್ಲ, ಅಲ್ವಾ?

ಕಷ್ಟ ಇರುವುದು ಇಲ್ಲೇ. ಜನ ಮೆಚ್ಚಿದರೆ ಆಗಲೇ ಗೊತ್ತಾಗುತ್ತದೆ, ಚಪ್ಪಾಳೆ ಕೇಳುತ್ತದೆ. ದೇವರು ಮೆಚ್ಚಿದ್ದು ಕೇಳುವುದಿಲ್ಲ. ಕೇಳದಿದ್ದರೂ ನಂಬಿಕೊಂಡು ಇರಬೇಕು. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಪತ್ರ ಬರೆಯುತ್ತಾನೆ, ನೀವು ನನ್ನ ವಿಚಾರಣೆ ಮಾಡಿದರೆ ನನಗದು ದೊಡ್ಡದಲ್ಲ, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ವಿಚಾರಿಸುವವನು ಕರ್ತನು ಎಂದು. ಎಂಥ ಬಿಡುಗಡೆ ಅದು! ನನಗೆ ಬೇಕು ಅದು.

ಯೋಹಾನನ ಸುವಾರ್ತೆ 12ರಲ್ಲಿ ಯೆಹೂದಿ ಅಧಿಕಾರಿಗಳೂ ಬರುತ್ತಾರೆ. ಯೇಸುವನ್ನು ನಂಬಿದ್ದರು, ಆದರೆ ಸಭಾಮಂದಿರದಿಂದ ಹೊರಗೆ ಹಾಕುತ್ತಾರೆ ಎಂದು ಹೆದರಿ ಬಾಯಿಬಿಡಲಿಲ್ಲ. ನಮ್ಮ ಹಿರಿಯರ ನೆನಪಾಯಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಯೇಸುವನ್ನು ನಂಬಿದವರಲ್ಲಿ ಎಷ್ಟೋ ಜನರನ್ನು ಮನೆ, ಜಾತಿ, ಜಮೀನು ಎಲ್ಲದರಿಂದ ಹೊರಗೆ ಹಾಕಿದರು. ಹೊಟ್ಟೆಪಾಡಿಗೆ ಅಂತಲೇ ಮಿಶನ್ನಿನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು. ಇಡೀ ಊರೇ ಬೇಡ ಎಂದರೂ ನಿಂತವರು ಅವರು. ಅವರ ಮೊಮ್ಮಕ್ಕಳ ಮಕ್ಕಳು ನಾವು. ನಮಗೆ ಪಕ್ಕದ ಬೆಂಚಿನವರ ಭಯ.

ದೊಡ್ಡಮ್ಮನಿಗೆ ಫೋನ್ ಮಾಡಿ ಈ ವಿಧವೆಯ ವಿಷಯ ಹೇಳಬೇಕು ಅನ್ನಿಸಿತು. ಫೋನ್ ಕೈಗೆ ತೆಗೆದುಕೊಂಡವಳು ಹಾಗೇ ಕೂತೆ. ನಿಮ್ಮ ಬಸಳೆಯನ್ನು ದೇವರು ನೋಡಿದ್ದಾನೆ ಎಂದು ನಾನು ಹೇಳಿದರೆ, ಅದೂ ಮತ್ತೆ ಮನುಷ್ಯರ ಬಾಯಿಂದ ಬಂದ ಮೆಚ್ಚುಗೆಯೇ ಆಗುತ್ತದಾ? ಆದರೆ ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ, ಪ್ರಿಸ್ಕ ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೊಗಳುತ್ತಾನೆ, ಮರಿಯಳು ನಿಮಗಾಗಿ ಬಹಳ ದುಡಿದಳು ಎಂದು ಹೇಳುತ್ತಾನೆ. ಅಂದರೆ ಹೇಳುವುದು ತಪ್ಪಲ್ಲ, ಅದಕ್ಕಾಗಿ ಕಾಯುವುದು ಮಾತ್ರ ತಪ್ಪಾ? ಹಾಗಾದರೆ ಹೇಳುವವರು ಯಾರೂ ಇಲ್ಲದೆ ಎಷ್ಟೋ ವರ್ಷ ಸುಮ್ನೆ ದುಡಿದ ದೊಡ್ಡಮ್ಮನಂಥವರಿಗೆ