ವೈನ್ ಮೂಲಕ ವೀಣೆಯ ಪಾಠ

ಮಗಳ ವೀಣೆಯ ಟೀಚರ್ ಮೈಸೂರು ಬಿಟ್ಟು ಸಿಂಗಪುರದಲ್ಲಿ ನೆಲೆಸಿದ ಮೇಲೆ ಪಾಠ ವಿಡಿಯೋ ಕರೆಯಲ್ಲಿ ನಡೆಯತೊಡಗಿತು. ಅವರು ಬಳಸುವುದು ಸಂಗೀತ ಪಾಠಕ್ಕೆಂದೇ ರೂಪಿಸಿದ ಒಂದು ತಂತ್ರಾಂಶ. ಸಾಮಾನ್ಯ ಕರೆ ತಂತ್ರಾಂಶಗಳು ಗದ್ದಲ ಅಡಗಿಸುವ ಉತ್ಸಾಹದಲ್ಲಿ, ಮೀಟಿದ ತಂತಿಯ ನಾದ ಮೆಲ್ಲಗೆ ಕ್ಷೀಣಿಸುತ್ತಿರುವಾಗ ಅದನ್ನೂ ಫ್ಯಾನಿನ ಸದ್ದೆಂದು ತಿಳಿದು ಕತ್ತರಿಸಿಬಿಡುತ್ತವೆ. ಗಮಕದ ಬಾಲ ಆಚೆ ಬದಿಗೆ ತಲುಪುವುದೇ ಇಲ್ಲ. ಈ ತಂತ್ರಾಂಶದಲ್ಲಿ ಆ ತೊಂದರೆ ಇಲ್ಲ. ಆದರೆ ಅದು ವಿಂಡೋಸ್‌ಗೆ ಮಾತ್ರ ಲಭ್ಯ, ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್ ಮಿಂಟ್. ಬ್ರೌಸರಿನಲ್ಲಿ ನಡೆಯುವ ಆವೃತ್ತಿಯಿದ್ದಿದ್ದರೆ ನಾನು ಬೇರೆ ದಾರಿಯನ್ನು ಹುಡುಕುತ್ತಲೇ ಇರಲಿಲ್ಲ. ಅದೂ ಇಲ್ಲದ ಕಾರಣ, ವಾರಕ್ಕೆರಡು ಪಾಠಕ್ಕಾಗಿ ವಿಂಡೋಸ್ ಕೊಳ್ಳಲು ಮನಸ್ಸೊಪ್ಪದೆ, ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲೇ ನಡೆಸುವ ವೈನ್ ಎಂಬ ತಂತ್ರಾಂಶದ ಮೊರೆ ಹೋದೆ. (ಈ ಹೆಸರನ್ನು ಅಜ್ಜಿಯ ಎದುರು ಉಚ್ಚರಿಸಬಾರದೆಂದು ಮನೆಯಲ್ಲಿ ತೀರ್ಮಾನವಾಗಿದೆ.)

ವೈನ್ ಎಂಬ ಹೆಸರಿನ ವಿಸ್ತರಣೆಯೇ 'ವೈನ್ ಎಮ್ಯುಲೇಟರ್ ಅಲ್ಲ' ಎಂದು. 1993ರಲ್ಲಿ ಆರಂಭವಾದ ಈ ಕೆಲಸ ತನ್ನ 1.0 ಆವೃತ್ತಿಯನ್ನು ಕಂಡದ್ದು 2008ರಲ್ಲಿ, ಅಂದರೆ 15 ವರ್ಷಗಳ ನಂತರ. ಅಲೆಕ್ಸಾಂಡರ್ ಜೂಲಿಯಾರ್ 1994ರಿಂದ ಇದರ ಮುಂದಾಳು. ಎಮ್ಯುಲೇಟರಿನ ಹಾಗೆ ವೈನ್ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವುದಿಲ್ಲ. ವಿಂಡೋಸ್ ಪ್ರೋಗ್ರಾಮಿನ ಆದೇಶಗಳನ್ನು ಪ್ರೊಸೆಸರ್ ನೇರವಾಗಿಯೇ ನಡೆಸುತ್ತದೆ. ಕಡತ ತೆರೆ, ಕಿಟಕಿ ಬಿಡಿಸು, ಮೈಕಿನಿಂದ ಧ್ವನಿ ತೆಗೆದುಕೊ ಎಂದು ಆ ಪ್ರೋಗ್ರಾಮು ವಿಂಡೋಸನ್ನು ಕೇಳುವ ಕಡೆಗಳಲ್ಲಿ ಮಾತ್ರ ವೈನ್ ನಡುವೆ ನಿಂತು, ಅದೇ ಕೋರಿಕೆಯನ್ನು ಲಿನಕ್ಸಿಗೆ ಅರ್ಥವಾಗುವ ಹಾಗೆ ದಾಟಿಸುತ್ತದೆ. ಪದಸಂಸ್ಕಾರಕದಂಥ ಪ್ರೋಗ್ರಾಮಿಗೆ ಈ ದಾಟಿಸುವಿಕೆ ಅರ್ಧ ಸೆಕೆಂಡು ತಡವಾದರೂ ನಡೆದೀತು. ವಿಡಿಯೋ ಕರೆ ಹಾಗಲ್ಲ. ಅದಕ್ಕೆ ಮೈಕು, ಸ್ಪೀಕರು, ಕ್ಯಾಮೆರಾ, ಜಾಲ ಎಲ್ಲವೂ ಒಂದೇ ಹೊತ್ತಿಗೆ ಬೇಕು, ಎಲ್ಲವೂ ಹೊತ್ತಿಗೆ ಸರಿಯಾಗಿ ಬೇಕು.

ಮೊದಲ ಎಡವಟ್ಟು ನನ್ನದೇ. ವೈನ್ ಮೊದಲ ಸಲ ನಡೆದಾಗ, ವೆಬ್ ಪುಟಗಳನ್ನು ತೋರಿಸಲು ಬೇಕಾದ ಗೆಕ್ಕೋ ಎಂಬ ಭಾಗವನ್ನು ಇಳಿಸಿಕೊಳ್ಳಲೇ ಎಂದು ಕೇಳುತ್ತದೆ; ನಾನು ಅವಸರದಲ್ಲಿ ಬೇಡವೆಂದು ಒತ್ತಿದ್ದೆ. ಹೀಗಾಗಿ ತಂತ್ರಾಂಶದ ಲಾಗಿನ್ ಕಿಟಕಿ ಬರೀ ಬಿಳಿ ಹಾಳೆಯಾಗಿ ತೆರೆದುಕೊಂಡಿತು. ಗೆಕ್ಕೋ ಹಾಕಿದ ಮೇಲೆ ಅದು ಸರಿಯಾಯಿತು.

ಧ್ವನಿ ನಾನು ಹೆದರಿದ್ದಷ್ಟು ಕಾಡಲಿಲ್ಲ. ವೈನ್‌ಗೆ ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಪಲ್ಸ್‌ಆಡಿಯೋ ಜೊತೆ ನೇರವಾಗಿ ಮಾತಾಡುವ ಚಾಲಕವಿದೆ, ಆದ್ದರಿಂದ ಮೈಕು ಮತ್ತು ಸ್ಪೀಕರು ಪಟ್ಟಿಯಲ್ಲಿ ತಾವಾಗಿಯೇ ಕಾಣಿಸಿಕೊಂಡವು. ಆದರೆ ಟೀಚರ್ ಅವರ ಧ್ವನಿ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಎನ್ನುತ್ತಿತ್ತು. ಧ್ವನಿಯ ತುಣುಕುಗಳನ್ನು ತುಸು ಹೊತ್ತು ಕೂಡಿಡುವ ಬಫರು ತೀರಾ ಚಿಕ್ಕದಾದಾಗ, ಮುಂದಿನ ತುಣುಕು ಬರುವ ಮೊದಲೇ ಇದ್ದದ್ದು ಖಾಲಿಯಾಗಿ ಹೀಗಾಗುತ್ತದೆ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಪಲ್ಸ್_ಲೇಟೆನ್ಸಿ_ಎಂಸೆಕ್ ಎಂಬ ಚರಕ್ಕೆ (ಅಂದರೆ ಸೆಟ್ಟಿಂಗಿಗೆ) 60 ಎಂದು ಬೆಲೆ ಕೊಟ್ಟು ತಂತ್ರಾಂಶವನ್ನು ಆರಂಭಿಸಿದಾಗ ಆ ಸದ್ದು ನಿಂತಿತು. 60 ಮಿಲಿಸೆಕೆಂಡಿನ ಈ ಅವಕಾಶಕ್ಕೂ ಬೆಲೆ ತೆರಬೇಕು: ಟೀಚರ್ ತಾಳ ಹಾಕಿದರೆ ಮಗಳು ಅದಕ್ಕೆ ಸರಿಯಾಗಿ ನುಡಿಸುವುದು ಅಸಾಧ್ಯ. ಜಾಲದ ವಿಳಂಬದಿಂದಾಗಿ ಅದು ಮೊದಲೇ ಅಸಾಧ್ಯವಾಗಿತ್ತು ಎನ್ನುವುದು ಬೇರೆ ಮಾತು. ತಾಳವನ್ನು ಈಗ ಈ ಬದಿಯಲ್ಲೇ ನನ್ನ ಹೆಂಡತಿ ಹಾಕುತ್ತಾಳೆ. ಪ್ರತಿಧ್ವನಿಯ ಕಾಟಕ್ಕೆ ಇಯರ್‌ಫೋನ್ ಹಾಕಿಸಿದೆ. ಸ್ಪೀಕರಿನಿಂದ ಹೊರಟ ಧ್ವನಿಗೂ ಮೈಕಿಗೆ ಮರಳಿದ ಧ್ವನಿಗೂ ನಡುವಿನ ಅಂತರವನ್ನು ಅಳೆದೇ ತಂತ್ರಾಂಶವು ಪ್ರತಿಧ್ವನಿಯನ್ನು ಕಳೆಯುವುದು. ನಡುವೆ ಇಷ್ಟೊಂದು ಕೈ ಬದಲಾಗುವಾಗ ಆ ಲೆಕ್ಕವನ್ನು ನಂಬುವುದಕ್ಕಿಂತ ಇಯರ್‌ಫೋನೇ ವಾಸಿ.

ನಿಜವಾಗಿ ಸತಾಯಿಸಿದ್ದು ಕ್ಯಾಮೆರಾ. ಲಿನಕ್ಸಿನ ಚೀಸ್ ಎಂಬ ಕ್ಯಾಮೆರಾ ಪ್ರೋಗ್ರಾಮಿನಲ್ಲಿ ಮಗಳ ಮುಖ ಸ್ವಚ್ಛವಾಗಿ ಕಾಣುತ್ತಿತ್ತು, ಕರೆ ತಂತ್ರಾಂಶದಲ್ಲಿ ಕಪ್ಪು ಚೌಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಸ್ಥಿತಿ: ಲಿನಕ್ಸಿನ ತಿರುಳಾದ ಕರ್ನಲ್ ಕ್ಯಾಮೆರಾವನ್ನು ಕೊಟ್ಟಿದೆ, ನಡುವಿನವರು ಕೊಡುತ್ತಿಲ್ಲ. ಚೀಸನ್ನು ಮುಚ್ಚದೆಯೇ ಇದನ್ನು ಪರೀಕ್ಷಿಸಿ ಒಂದು ಸಂಜೆಯನ್ನು ವ್ಯರ್ಥ ಮಾಡಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಒಂದು ಪ್ರೋಗ್ರಾಮು ಕ್ಯಾಮೆರಾದಿಂದ ಚಿತ್ರ ಪಡೆಯುತ್ತಿರುವಾಗ ಇನ್ನೊಂದಕ್ಕೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಮುಚ್ಚಿದ ಮೇಲೂ ಚೌಕ ಕಪ್ಪಾಗಿಯೇ ಇತ್ತು.

ವೈನ್‌ಡೀಬಗ್ ಎಂಬ ಚರದ ಮೂಲಕ ವೈನ್ ತನ್ನ ಒಳಗಿನ ನಡೆಗಳನ್ನೆಲ್ಲ ಟರ್ಮಿನಲ್ಲಿನಲ್ಲಿ ಬರೆಯುವಂತೆ ಮಾಡಿ, ಆ ಸಾಲುಗಳನ್ನು ಓದುತ್ತ ಹೋದಾಗ ಕಾರಣ ಹೊಳೆಯಿತು. ವಿಂಡೋಸ್ ತಂತ್ರಾಂಶ ಡೈರೆಕ್ಟ್‌ಶೋ ಎಂಬ ವ್ಯವಸ್ಥೆಯ ಮೂಲಕ ಕ್ಯಾಮೆರಾವನ್ನು ಕೇಳುತ್ತದೆ. ವೈನ್ ಆ ಕೋರಿಕೆಯನ್ನು ಲಿನಕ್ಸಿನ ವಿಡಿಯೋ ವ್ಯವಸ್ಥೆಗೆ ದಾಟಿಸುತ್ತದೆ. ದಾಟಿಸುವಾಗ ಅದು ಕೇಳುವುದು ಪ್ರತಿ ಬಿಂದುವಿಗೆ 24 ಬಿಟ್ ಬಣ್ಣವಿರುವ ಚಿತ್ರವನ್ನು. ಅಗ್ಗದ ಯುಎಸ್‌ಬಿ ಕ್ಯಾಮೆರಾಗಳು ಅಂಥ ಚಿತ್ರವನ್ನು ಕೊಡುವುದಿಲ್ಲ. ಕಾರಣ ಸರಳವಾದ ಲೆಕ್ಕ: 640 ಗುಣಿಸು 480 ಬಿಂದುಗಳ ಒಂದು ಚಿತ್ರಕ್ಕೆ ಬಿಂದುವಿಗೆ 3 ಬೈಟಿನಂತೆ 9,21,600 ಬೈಟ್; ಸೆಕೆಂಡಿಗೆ 30 ಚಿತ್ರಗಳಾದರೆ ಸುಮಾರು 27.6 ಮೆಗಾಬೈಟ್, ಅಗ್ಗದ ಕ್ಯಾಮೆರಾದ ಯುಎಸ್‌ಬಿ ತಂತಿಗೆ ಅದು ಭಾರ. ಆದ್ದರಿಂದ ಕ್ಯಾಮೆರಾ ಬಿಂದುವಿಗೆ 2 ಬೈಟಿನ ಬೇರೊಂದು ರೂಪದಲ್ಲಿಯೋ, ಜೆಪೆಗ್ ಆಗಿ ಹಿಂಡಿಯೋ ಚಿತ್ರವನ್ನು ಕಳಿಸುತ್ತದೆ, ಅದನ್ನು 24 ಬಿಟ್ಟಿಗೆ ಬಿಡಿಸಿ ಕೊಡುವ ಹೊಣೆ ಲಿಬ್‌ವಿ4ಎಲ್ ಎಂಬ ಲಿನಕ್ಸ್ ಲೈಬ್ರರಿಯದು (ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು).

ಆ ಲೈಬ್ರರಿ ನನ್ನ ಯಂತ್ರದಲ್ಲಿತ್ತು. ಆದರೆ ಇದ್ದದ್ದು 64 ಬಿಟ್ ಆವೃತ್ತಿ, ಕರೆ ತಂತ್ರಾಂಶವೋ 32 ಬಿಟ್ ಕಾಲದ್ದು. ಹಳೆಯ ಬಗೆಯ ವೈನ್ ವ್ಯವಸ್ಥೆಯಲ್ಲಿ 32 ಬಿಟ್ ಪ್ರೋಗ್ರಾಮಿಗೆ ಕೆಳಗಿನ ಲಿನಕ್ಸ್ ಲೈಬ್ರರಿಗಳೂ 32 ಬಿಟ್ ಆಗಿರಬೇಕು. ಇಲ್ಲದಿದ್ದರೆ ಅವು ಇದ್ದೂ ಇಲ್ಲದಂತೆಯೇ. ಜಾಗ ಉಳಿಸುವ ಚಪಲಕ್ಕೆ, ವೈನ್ ಅನುಸ್ಥಾಪಿಸುವಾಗ 'ಶಿಫಾರಸು ಮಾಡಿದವು ಬೇಡ' ಎಂಬ ಆಯ್ಕೆಯನ್ನು ಕೊಟ್ಟಿದ್ದವನು ನಾನೇ. ಆ ಲೈಬ್ರರಿಯ 32 ಬಿಟ್ ಆವೃತ್ತಿಯನ್ನು ಸೇರಿಸಿದ ಕೂಡಲೇ ಕಪ್ಪು ಚೌಕದ ಜಾಗದಲ್ಲಿ ವೀಣೆಯ ಬುರುಡೆ ಮತ್ತು ಮಗಳ ಅರ್ಧ ಮುಖ ಕಾಣಿಸಿತು. ಈ ಗಂಟನ್ನು ಬಿಡಿಸಲೆಂದೇ 32 ಬಿಟ್ ಪ್ರೋಗ್ರಾಮುಗಳನ್ನೂ 64 ಬಿಟ್ ಲೈಬ್ರರಿಗಳ ಮೇಲೆ ನಡೆಸುವ ಹೊಸ ವಿಧಾನವೊಂದನ್ನು 2024ರ ಜನವರಿಯಲ್ಲಿ ಬಂದ ವೈನ್ 9.0 ಮುಂದಿಟ್ಟಿದೆ. ಅದು ಎಲ್ಲೆಡೆ ರೂಢಿಗೆ ಬಂದರೆ ಮುಂದಿನವರು ಈ ನಾಲ್ಕು ಸಂಜೆಗಳನ್ನು ಉಳಿಸಿಕೊಳ್ಳಬಹುದು.

ಕನ್ನಡದ ಪ್ರಶ್ನೆಯೊಂದು ಉಳಿದಿತ್ತು. ಟೀಚರ್ ಸ್ವರಲಿಪಿಯನ್ನೂ ಸಾಹಿತ್ಯವನ್ನೂ ಚಾಟ್ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತಾರೆ, ನಮಗೆ ಕಂಡದ್ದು ಸಾಲುಸಾಲು ಖಾಲಿ ಡಬ್ಬಗಳು. ತಂತ್ರಾಂಶವು ವಿಂಡೋಸಿನ ನಿರ್ಮಲಾ ಯುಐ ಫಾಂಟನ್ನು ಹೆಸರು ಹಿಡಿದು ಕೇಳುತ್ತದೆ, ಅದು ನಮ್ಮಲ್ಲಿ ಇಲ್ಲ. ವೈನ್‌ನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಫಾಂಟುಗಳ ಬದಲಿ ಪಟ್ಟಿಯೊಂದಿದೆ; ಅಲ್ಲಿ ನಿರ್ಮಲಾ ಯುಐ ಕೇಳಿದರೆ ನೋಟೋ ಸ್ಯಾನ್ಸ್ ಕನ್ನಡವನ್ನು ಕೊಡು ಎಂದು ಬರೆದೆ. ಅಕ್ಷರಗಳು ಬಂದವು, ಒತ್ತಕ್ಷರಗಳೂ ತಮ್ಮ ಜಾಗದಲ್ಲೇ ಕುಳಿತವು.

ವೈನ್‌ನಲ್ಲಿ ನಡೆಯುವ ಪ್ರೋಗ್ರಾಮು ಲಿನಕ್ಸಿನಿಂದ ಬೇರ್ಪಟ್ಟ ಪೆಟ್ಟಿಗೆಯೊಳಗೆ ಇದೆಯೆಂದು ಕೆಲವರು ಭಾವಿಸುತ್ತಾರೆ. ಹಾಗೇನಿಲ್ಲ, ಝಡ್ ಎಂಬ ಡ್ರೈವಿನ ರೂಪದಲ್ಲಿ ನಿಮ್ಮ ಇಡೀ ಕಡತವ್ಯವಸ್ಥೆ ಅದಕ್ಕೆ ಕಾಣುತ್ತದೆ, ನೀವು ಓದಬಲ್ಲದ್ದನ್ನೆಲ್ಲ ಅದೂ ಓದಬಲ್ಲದು. ಕ್ಯಾಮೆರಾ ಮತ್ತು ಮೈಕನ್ನು ತೆರೆಯುವ ತಂತ್ರಾಂಶಕ್ಕೆ ಅಷ್ಟು ಸಲಿಗೆ ಬೇಡವೆನಿಸಿ, ಪಾಠಕ್ಕೆಂದೇ ಬೇರೆ ಬಳಕೆದಾರ ಖಾತೆಯೊಂದನ್ನು ತೆರೆದಿದ್ದೇನೆ. ಝಡ್ ಡ್ರೈವನ್ನು ಪಟ್ಟಿಯಿಂದ ತೆಗೆದರೆ ಸಾಕೆಂಬ ಸಲಹೆಯನ್ನು ನಾನು ನೆಚ್ಚುವುದಿಲ್ಲ, ಅದು ಬಾಗಿಲಿಗೆ ಪರದೆ ಎಳೆದಂತೆ ಅಷ್ಟೇ.

ಪಾಠ ಈಗ ಬೆಳಿಗ್ಗೆ ಆರೂವರೆಗೆ, ಟೀಚರ್ ಅವರಿಗೆ ಒಂಬತ್ತು ಗಂಟೆಗೆ, ಹೆಚ್ಚುಕಡಿಮೆ ನಿರ್ವಿಘ್ನವಾಗಿ ನಡೆಯುತ್ತಿದೆ. ಒಂದು ದೋಷವನ್ನು ಮಾತ್ರ ನಾನಿನ್ನೂ ಸರಿಪಡಿಸಿಲ್ಲ: ಕರೆ ಮುಗಿಸಿ ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ತಂತ್ರಾಂಶದ ಒಂದು ಎಳೆ ಉಳಿದು ಕ್ಯಾಮೆರಾವನ್ನು ಹಿಡಿದುಕೊಂಡೇ ಇರುತ್ತದೆ. ವೈನ್‌ಸರ್ವರ್ -ಕೆ ಎಂಬ ಆದೇಶ ಕೊಟ್ಟರೆ ಎಲ್ಲವೂ ಒಮ್ಮೆಗೇ ನಿಲ್ಲುತ್ತವೆ. ಅದನ್ನು ನಾನು ಮರೆಯುವುದೇ ಹೆಚ್ಚು. ವೀಣೆಗೆ ಗವಸು ಹಾಕುತ್ತ ಮಗಳು "ಅಪ್ಪಾ, ಹಸಿರು ದೀಪ ಇನ್ನೂ ಉರೀತಿದೆ" ಎಂದಾಗ ಹೋಗಿ ಟೈಪ್ ಮಾಡುತ್ತೇನೆ.