ಜ್ವಾಲಾಪುರಂ ಬೂದಿ ನೋಡಲು ಹೊರಟವರಿಗೆ

ಬಾಗೇಪಲ್ಲಿಯಿಂದ ಬೆಳಗಿನ ಜಾವವೇ ಹೊರಟುಬಿಡಿ. ಹೆದ್ದಾರಿ 44ರಲ್ಲಿ ಅನಂತಪುರ, ಅಲ್ಲಿಂದ ತಾಡಿಪತ್ರಿ ದಾಟಿ ಬನಗಾನಪಲ್ಲಿ. ಜ್ವಾಲಾಮುಖಿಯ ಹಳೇ ಬೂದಿ ಇರುವ ಜ್ವಾಲಾಪುರಂ ಅದರ ಹತ್ತಿರದ ಆಂಧ್ರದ ಹಳ್ಳಿ. ನಮ್ಮ ಕಡೆಯವರಿಗೆ ತೆಲುಗು ಬರುವುದರಿಂದ ಕೊನೆಯ ದಾರಿಯನ್ನು ಊರವರನ್ನೇ ಕೇಳಿಕೊಂಡು ಹೋಗುವುದು ಸಲೀಸು. ಬೇಲಂ ಗುಹೆಯನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ.

ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಎದ್ದ ಬೂದಿ 2,500 ಕಿ.ಮೀ.ಗೂ ಹೆಚ್ಚು ದೂರ ಗಾಳಿಯಲ್ಲಿ ಬಂದು ಇಲ್ಲಿ ಬಿದ್ದಿದೆ. ಮಳೆನೀರು ಸುತ್ತಲಿನ ಬೂದಿಯನ್ನೂ ಕೊಚ್ಚಿ ತಂದು ಜುರ್ರೇರು ಕಣಿವೆಯ ತಗ್ಗಿಗೆ ತುಂಬಿದ್ದರಿಂದ ಕೆಲವೆಡೆ ಪದರ ಆಳೆತ್ತರವಿದೆ. ಅದರ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕಿವೆ. ಅಷ್ಟು ಬೂದಿ ಸುರಿದ ಮೇಲೂ ಇಲ್ಲಿ ಜನ ಬದುಕಿ ಉಳಿದಿರಬೇಕು ಎಂದು ಪುರಾತತ್ವಜ್ಞರಾದ ಮೈಕೆಲ್ ಪೆಟ್ರಾಗ್ಲಿಯಾ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು 2007ರಲ್ಲಿ ವಾದ ಮಂಡಿಸಿದರು. ಆ ಬಿಳಿ ಗೋಡೆಯ ಮುಂದೆ ನಿಂತಾಗ ಮೈ ಜುಮ್ಮೆಂದಿತು.

ಒಂದು ಚಿಟಿಕೆ ಬೂದಿ ಅಂಗೈ ಮೇಲೆ ಹಾಕಿಕೊಂಡು ಬಿಸಿಲಿಗೆ ಹಿಡಿದೆ. ಮೈದಾಹಿಟ್ಟಿನಷ್ಟು ನಯ. ಕೈ ಸ್ವಲ್ಪ ಓರೆ ಮಾಡಿದರೆ ಮಿಣಮಿಣ ಹೊಳೆಯುತ್ತದೆ. ಹೊಳೆಯುವುದು ಗಾಜು. ಕುದಿಯುವ ಶಿಲಾರಸದೊಳಗಿನ ಅನಿಲ ಒಮ್ಮೆಲೇ ಹಿಗ್ಗಿ, ಗುಳ್ಳೆಗಳು ಒಡೆದು ಚೂರಾದದ್ದು ಇದು. ನೀರಿನಲ್ಲಿ ಕರಗುವುದಿಲ್ಲ, ಅಂಚು ಚೂಪು. ತೊಳೆಯುವ ಪುಡಿಗೆಂದು ಇದನ್ನು ಇಲ್ಲಿ ಅಗೆದು ಸಾಗಿಸಿದ್ದಾರೆ ಅಂದರೆ ಎಷ್ಟು ಉಜ್ಜುತ್ತದೆ ಊಹಿಸಿ.

ಆದ್ದರಿಂದ ಕಣ್ಣಿಗೆ ಬಿದ್ದರೆ ದಯವಿಟ್ಟು ಉಜ್ಜಬೇಡಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ, ಕನ್ನಡಕ ಹಾಕಿ. ಮೂಗಿಗೆ ಕರ್ಚೀಫು ಸಾಲದು, ಎನ್95 ಮಾಸ್ಕ್ ಬೇಕು. ಗಾಳಿ ಎದ್ದರೆ ಬೂದಿ ನಮ್ಮತ್ತ ಹಾರದ ಕಡೆಗೆ ಸರಿದು ನಿಲ್ಲಿ. ಉಬ್ಬಸವಿರುವ ನಮ್ಮ ಚಿಕ್ಕಪ್ಪನನ್ನು ಕಾರಿನಲ್ಲೇ ಕೂರಿಸಿ ಗಾಜು ಏರಿಸಿದ್ದೆವು. ಅವರಿಗೆ ಬೇಜಾರಾಯಿತು, ಆದರೂ ಅದೇ ಸರಿ. ಮಕ್ಕಳನ್ನು ಅಗೆದ ಗುಂಡಿಯ ಅಂಚಿಗೆ ಬಿಡಬೇಡಿ, ಸಡಿಲ ಪದರ ಕುಸಿಯುತ್ತದೆ.

ಅಂದಹಾಗೆ, ಹೊಸದಾಗಿ ಹಾರಿದ ಬೂದಿ ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಆಮ್ಲವೂ ಅಂಟಿಕೊಂಡಿರುತ್ತದೆ, ಚಾವಣಿ ಮೇಲೆ ಬಿದ್ದು ನೆನೆದರೆ ಮನೆಯನ್ನೇ ಕೆಡವುವಷ್ಟು ಭಾರವಾಗುತ್ತದೆ. ವಿಮಾನದ ಎಂಜಿನ್ ಒಳಗೆ ಈ ಗಾಜು ಕರಗಿ ಬ್ಲೇಡುಗಳಿಗೆ ಮೆತ್ತಿಕೊಳ್ಳುತ್ತದೆ. 1982ರಲ್ಲಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್ ನಿಂತು, ವಿಮಾನ ಬೂದಿಯ ಮೋಡದಿಂದ ಕೆಳಕ್ಕೆ ಬಂದ ಮೇಲೆ ಹಾರುತ್ತಿರುವಾಗಲೇ ಮತ್ತೆ ಹೊತ್ತಿಕೊಂಡವು. 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹಾಯ್ಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ದೆಹಲಿಯವರೆಗೆ ಬಂದಾಗ ವಿಮಾನಗಳನ್ನು ರದ್ದು ಮಾಡಿದ್ದೂ ಈ ಭಯಕ್ಕೇ. ಬಾಲಿ, ಜಾವಾ ಕಡೆ ಹೋಗುವವರು ಇದನ್ನು ಗಮನದಲ್ಲಿಟ್ಟು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಹೊರಡುವಾಗ ಕಾರಿನ ಗಾಜಿಗೆ ಮೊದಲು ನೀರು ಸುರಿಯಿರಿ, ಒಣ ವೈಪರ್ ಆಡಿಸಿದರೆ ಗೀರು ಬೀಳುತ್ತದೆ. ಮೊಬೈಲ್ ಕ್ಯಾಮೆರಾಕ್ಕೂ ಇದೇ ಮಾತು, ಒರೆಸುವ ಮುಂಚೆ ಊದಿ. ಬಟ್ಟೆಯನ್ನು ಕಾರಿನೊಳಗೆ ಕೊಡವಬೇಡಿ. ಊರಿಗೆ ಬಂದ ಮೇಲೆ ಮೆಕ್ಯಾನಿಕ್ ಹತ್ತಿರ ಏರ್ ಫಿಲ್ಟರ್ ಬಿಚ್ಚಿಸಿ ನೋಡಿಸಿ.