ಕಾರ್ ಅನ್ನಬೇಕಾ, ಕಾ ಅನ್ನಬೇಕಾ?

ನಾನು ಇಂಗ್ಲಿಷ್ ಪಾಠ ಮಾಡುವವಳು ಎಂದು ಗೊತ್ತಾದರೆ ಸಾಕು, ಜನ ಇದನ್ನೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ ಕೇಳಿದ್ದಾರೆ. "ಮೇಡಂ, ಕಾರ್ ಅನ್ನೋದು ತಪ್ಪಂತೆ, ರ್ ನುಂಗಬೇಕಂತೆ, ನಿಜಾನಾ?"

ನಿಜ ಅಲ್ಲ. ಎರಡೂ ಸರಿ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಆದ್ರೂ ಒರಿಜಿನಲ್ ಯಾವುದು?" ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಳೆಯದೇ ಬೇಕು ಅನ್ನುವುದಾದರೆ ರ್ ಇರುವುದೇ ಹಳೆಯದು. ಶೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ ಅದು ಕೇಳಿಸುತ್ತಿತ್ತು. ಸ್ಪೆಲಿಂಗ್‌ನಲ್ಲಿ ಇನ್ನೂ ಉಳಿದಿರುವುದು ಅದಕ್ಕೇ. ಆಮೇಲೆ ಲಂಡನ್ ಕಡೆ ಸವೆಯುತ್ತಾ ಬಂತು. ಲಂಡನ್ನಿನವರ ಬಾಯಲ್ಲಿ 'ಕಾರ್ಡ್' ಹೆಚ್ಚುಕಡಿಮೆ 'ಕಾಡ್' ಆಗಿದೆ ಎಂದು ಜಾನ್ ವಾಕರ್ 1791ರ ತನ್ನ ನಿಘಂಟಿನಲ್ಲಿ ಬರೆದ. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು ಬಿಡಲಿಲ್ಲ. ಅಮೆರಿಕದ ಬಹುಪಾಲು ಜನ ಈಗಲೂ ರ್ ಹೇಳುತ್ತಾರೆ.

ಇನ್ನೊಂದು ಕೇಳಿ. 1962ರಲ್ಲಿ ವಿಲಿಯಂ ಲಬೋವ್ ಎಂಬ ಭಾಷಾ ವಿದ್ವಾಂಸ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದ. ಒಂದು ದುಬಾರಿ, ಒಂದು ಮಧ್ಯಮ, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಸಿಗುವ ವಸ್ತು ಎಲ್ಲಿದೆ ಎಂದು ಕೆಲಸದವರನ್ನು ಕೇಳಿದ. ಅವರು 'ಫೋರ್ತ್ ಫ್ಲೋರ್' ಎನ್ನಲೇಬೇಕಲ್ಲ, ಅದಕ್ಕೆ. ದುಬಾರಿ ಅಂಗಡಿಯಲ್ಲಿ ನೂರಕ್ಕೆ 62 ಜನರ ಬಾಯಲ್ಲಿ ರ್ ಬಂತು. ಅಗ್ಗದ ಅಂಗಡಿಯಲ್ಲಿ ಸುಮಾರು 20 ಜನರ ಬಾಯಲ್ಲಿ. ಅಂದರೆ ಲಂಡನ್ನಿನಲ್ಲಿ ರ್ ನುಂಗುವವರು ದೊಡ್ಡವರು, ನ್ಯೂಯಾರ್ಕಿನಲ್ಲಿ ರ್ ಹೇಳುವವರು ದೊಡ್ಡವರು. ಆ ಅಕ್ಷರ ಏನು ಮಾಡಿತ್ತು ಪಾಪ?

ನನ್ನ ಅಕ್ಕನ ಮಗಳು ಅರಸೀಕೆರೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದಳು. ಟ್ರೈನಿಂಗ್‌ನಲ್ಲಿ ಒಬ್ಬರು ಎಲ್ಲರ ಎದುರಿಗೇ ಅವಳ 'ವಾಟರ್' ಅಣಕಿಸಿದರು. ಆರು ವಾರ ಕನ್ನಡಿ ಮುಂದೆ ನಿಂತು 'ಕಾ, ಪಾಕ್, ವಾಟ' ಎಂದು ಅಭ್ಯಾಸ ಮಾಡಿದಳು. ನಂತರ ಅವಳನ್ನು ಅಮೆರಿಕದ ಗ್ರಾಹಕರ ಟೀಮಿಗೆ ಹಾಕಿದರು. ಅಲ್ಲಿ ಬೇರೆ ಟ್ರೈನರು, "ಎಲ್ಲಿ ಹೋಯ್ತು ನಿನ್ನ ರ್?" ಎಂದರಂತೆ. ಬಿ.ಕಾಂನಲ್ಲಿ ತರಗತಿಗೇ ಮೊದಲು ಬಂದ ಹುಡುಗಿ ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. "ಚಿಕ್ಕಮ್ಮ, ಯಾವ್ದು ಹೇಳಿದ್ರೂ ತಪ್ಪೇ ಆಗುತ್ತೆ" ಎಂದು ಫೋನಿನಲ್ಲಿ ಅತ್ತಳು. ಅವತ್ತಿನಿಂದ ಈ ಪ್ರಶ್ನೆಗೆ ನಗುನಗುತ್ತಾ ಉತ್ತರ ಕೊಡುವುದು ನನ್ನಿಂದ ಆಗುತ್ತಿಲ್ಲ.

ನಾವು ಊರು, ಸಾರು, ನೀರು ಎನ್ನುವ ಜನ. ರ್ ನುಂಗಿ ನಮಗೆ ಅಭ್ಯಾಸವಿಲ್ಲ. ಅದರಿಂದ ಯಾರಿಗೂ ಅರ್ಥವಾಗದೆ ಹೋಗುವುದೂ ಇಲ್ಲ.

ಅರ್ಥ ಕೆಡುವುದು ಬೇರೆ ಕಡೆ. ಅದನ್ನು ಯಾಕೆ ಯಾರೂ ಕೇಳುವುದಿಲ್ಲ? ನಮ್ಮಲ್ಲಿ ಎಷ್ಟೋ ಜನ ಕಾಫಿಗೆ 'ಕಾಪಿ' ಎನ್ನುತ್ತೇವೆ. ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಹಾಗೆ ಕೇಳಿದರೆ ಜೆರಾಕ್ಸ್ ಕೈಗೆ ಬರಬಹುದು! ಇನ್ನೊಂದು, ಒತ್ತು. ಕನ್ನಡದಲ್ಲಿ ಯಾವ ಅಕ್ಷರವನ್ನು ಜೋರಾಗಿ ಹೇಳಿದರೂ ಪದ ಬದಲಾಗುವುದಿಲ್ಲ. ಇಂಗ್ಲಿಷಿನವರು ಆ ಒತ್ತು ಹಿಡಿದೇ ಪದ ಗುರುತಿಸುತ್ತಾರೆ. 'ಡೆವಲಪ್' ಪದದಲ್ಲಿ ನಾವು 'ಡೆ' ಮೇಲೆ ಭಾರ ಹಾಕುತ್ತೇವೆ. ಅವರ ಕಿವಿ 'ವೆ' ಮೇಲಿನ ಭಾರಕ್ಕೆ ಕಾಯುತ್ತಿರುತ್ತದೆ. ಎದುರಿನವರು ಎರಡೆರಡು ಸಲ "ಏನಂದ್ರಿ?" ಎನ್ನುವುದು ಇಂಥ ಕಡೆ. ಇದನ್ನು ಕಲಿಯುವುದು ಕಷ್ಟವೇನಲ್ಲ. ಯಾರನ್ನೂ ಅಣಕಿಸದೆ ಕಲಿಸಲೂ ಬಹುದು.

ಹೋದ ವಾರ ಅಕ್ಕನ ಮಗಳು ಮತ್ತೆ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಹೋಟೆಲ್ ಅನ್ನುವಾಗ ಒತ್ತು ಎಲ್ಲಿ ಬರುತ್ತೆ?" ಎಂದಳು. ಒಲೆ ಆರಿಸಿ ಬಂದು ಕೂತೆ. ಅರ್ಧ ಗಂಟೆ ಮಾತಾಡಿದೆವು. ಅವಳು ರ್ ಸುದ್ದಿಯನ್ನೇ ಎತ್ತಲಿಲ್ಲ.